ಅವ್ವ ಟಿವಿಗೆ ಬೆನ್ನು ಹಾಕಿ ಕೂತ ವರ್ಷ

"ಹೂ ಕಟ್ಟೋರ ಮನೇಲಿ ಡಿಗ್ರಿ ಆಗೋ ಮಾತಲ್ಲ ಬಿಡಕ್ಕ" ಎಂದು ಹೇಳಿದ್ದು ನಂಜುಂಡ ಮಾವ. ಅವ್ವನ ಒಡಹುಟ್ಟಿದ ತಮ್ಮ. ನಾನು ಪಿಯುಸಿ ಪಾಸಾಗಿ ಅರಸೀಕೆರೆಯ ಡಿಗ್ರಿ ಕಾಲೇಜಿನ ಅರ್ಜಿ ತಂದ ದಿನ ನಮ್ಮ ಜಗುಲಿಯ ಮೇಲೆ ಕೂತು, ಕಾಫಿ ಲೋಟ ಕೆಳಗಿಡದೆ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇವತ್ತು ಮಳೆ ಬರೋ ಹಾಗಿಲ್ಲ ಅನ್ನುತ್ತಾರಲ್ಲ, ಹಾಗೆ ಹೇಳಿದ. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ. ಬೈದು ಹೇಳಿದ್ದರೆ ಎಂದೋ ಮರೆತಿರುತ್ತಿದ್ದೆ.

ಡಿಗ್ರಿ ಆಯಿತು. ಅದರ ಮೇಲೆ ಬಿ.ಎಡ್. ಕೂಡ ಆಯಿತು. ಈಗ ಹಳೇಬೀಡಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತೇನೆ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ನಾಚಿಕೆ ಇರುವುದು ಬೇರೆ ವಿಷಯಕ್ಕೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಕೆಲಸದ ಮೇಲೆ ಬೇಲೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಕಂಬದ ಬುಡದಲ್ಲಿ ಒಬ್ಬಾಕೆ ನೆನೆಸಿದ ಬಾಳೆನಾರನ್ನು ತೊಡೆಯ ಮೇಲೆ ಹರಡಿಕೊಂಡು ಕನಕಾಂಬರ ಕಟ್ಟುತ್ತಿದ್ದಳು. ಕನಕಾಂಬರಕ್ಕೆ ವಾಸನೆ ಇಲ್ಲ. ನೆನೆದ ನಾರಿಗೆ ಇದೆ. ಸ್ವಲ್ಪ ಕೊಳೆತಂತೆ, ಸ್ವಲ್ಪ ಸಿಹಿಯಾಗಿ, ಒದ್ದೆ ಗೋಡೆಯ ಹಾಗೆ. ಆ ವಾಸನೆಗೆ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಆಕೆಯ ಕಣ್ಣು ಎದುರಿನ ಹೋಟೆಲಿನ ಟಿವಿಯ ಮೇಲಿತ್ತು. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ಹಳೇಬೀಡಿನ ಬಸ್ಸು ಹೋಯ್ತೇನಮ್ಮ?" ಎಂದು ಕೇಳಿದೆ.

"ಈಗ್ ಹೋಯ್ತು ಕಣ್ರೀ. ಎರಡ್ ನಿಮಿಷ ಆಗಿರ್ಬೋದು" ಅಂದಳು, ಕಣ್ಣು ತೆಗೆಯದೆ.

ಪಕ್ಕದಲ್ಲಿ ಕಡಲೆಕಾಯಿ ಮಾರುವವನು ನಕ್ಕ. "ಎಲ್ಲೀ ಎರಡ್ ನಿಮಿಷ! ಅದು ಹೋಗಿ ಇಪ್ಪತ್ತು ನಿಮಿಷ ಆಯ್ತು ಮೇಡಂ. ಇವಳ್ನ ಕೇಳಿದ್ರೆ ಮುಗೀತು."

ಆಕೆಯೂ ನಕ್ಕಳು. ನನಗೆ ನಗಲಾಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತೆ.

ನಮ್ಮೂರು ಹಾರನಹಳ್ಳಿಯಿಂದ ಒಳಗೆ ಎರಡು ಮೈಲಿ. ಅಪ್ಪ ಲಾರಿ ಡ್ರೈವರು. ಅರಸೀಕೆರೆಯಿಂದ ತೆಂಗಿನಕಾಯಿ ತುಂಬಿಕೊಂಡು ಉತ್ತರದ ಕಡೆ ಹೋದರೆ ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಮನೆ ನಡೆಸುತ್ತಿದ್ದವಳು ಅವ್ವ. ಬೆಳಗ್ಗೆ ತೋಟದವರು ಬಿಡಿ ಹೂ ತಂದು ಸುರಿಯುತ್ತಿದ್ದರು. ಸಂಜೆ ಬಸ್ಸಿಗೆ ಕಟ್ಟಿದ ಹೂವಿನ ಬುಟ್ಟಿ ಅರಸೀಕೆರೆಯ ಅಂಗಡಿಗೆ ಹೋಗಬೇಕು. ನಡುವಿನ ಹೊತ್ತೆಲ್ಲ ಅವ್ವನ ಬೆರಳಿನದು.

ಅವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಗಡಿಯಾರ ನೋಡಲು ಮಾತ್ರ ಕಲಿತಿರಲಿಲ್ಲ. ಅವಳ ಹೊತ್ತಿನ ಲೆಕ್ಕವೆಲ್ಲ ಮಾರಿನಲ್ಲಿ. ಎರಡೂ ಕೈ ಚಾಚಿದರೆ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಯವರೆಗೆ ಒಂದು ಮಾರು. ಅಷ್ಟುದ್ದ ಹೂ ಕಟ್ಟಲು ಅವಳಿಗೆ ಕಾಲು ಗಂಟೆ ಬೇಕು. ಮಳೆಗಾಲದಲ್ಲೂ ಅಷ್ಟೇ, ಬೇಸಿಗೆಯಲ್ಲೂ ಅಷ್ಟೇ, ಜ್ವರ ಬಂದಾಗಲೂ ಅಷ್ಟೇ. ನಾನು ಎಸ್ಸೆಸ್ಸೆಲ್ಸಿ ಓದಿದ್ದು ಆ ಲೆಕ್ಕದಲ್ಲೇ. "ನಾಲ್ಕು ಮಾರು ಓದು, ಆಮ್ಯಾಕೆ ಉಣ್ಣೋಕೆ ಇಡ್ತೀನಿ" ಅನ್ನುತ್ತಿದ್ದಳು. ನಾನು ಪುಸ್ತಕದ ಮೇಲೆ ತೂಕಡಿಸಿದರೆ, "ಇನ್ನೂ ಎರಡೂವರೆ ಮಾರು ಆಗೈತೆ ಅಷ್ಟೇ, ಏಳೇ" ಎಂದು ನಾರಿನ ನೀರನ್ನು ಮುಖಕ್ಕೆ ಚಿಮುಕಿಸುತ್ತಿದ್ದಳು. ಒಮ್ಮೆ ಶಾಲೆಯ ಮೇಷ್ಟ್ರ ವಾಚು ಇಟ್ಟುಕೊಂಡು ಪರೀಕ್ಷಿಸಿದ್ದೆ. ನಾಲ್ಕು ಮಾರಿಗೆ ಒಂದು ಗಂಟೆ, ಒಂದು ನಿಮಿಷ ಆಗಿತ್ತು.

ನಾನು ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಗ ನಂಜುಂಡ ಮಾವ ಊರಿಗೆ ಕೇಬಲ್ ತಂದ. ಅವನ ತಾರಸಿಯ ಮೇಲೆ ದೊಡ್ಡ ಡಿಶ್ಶು. ಅಲ್ಲಿಂದ ತೆಂಗಿನ ಮರದಿಂದ ತೆಂಗಿನ ಮರಕ್ಕೆ ಕಪ್ಪು ವಯರು. ಅಕ್ಕನ ಮನೆ ಅಂತ ನಮಗೆ ಪುಕ್ಕಟೆ ಕನೆಕ್ಷನ್ನು, ಜೊತೆಗೆ ಅವನ ಮನೆಯ ಹಳೇ ಟಿವಿ. ಡಿಗ್ರಿ ಆಗಲ್ಲ ಅಂದವನೇ ಅದನ್ನು ತಂದು ನಡುಮನೆಯಲ್ಲಿ ಕೂರಿಸಿದ ಎಂದು ಈಗ ಬರೆಯುವಾಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಕುಣಿದಾಡಿದ್ದೆ.

ಒಂದು ದಿನ ರಿಮೋಟಿನ ಶೆಲ್ಲು ಖಾಲಿಯಾಯಿತು. ಮಾವ ಗೋಡೆಯ ಗಡಿಯಾರ ಇಳಿಸಿ ಅದರ ಶೆಲ್ಲು ತೆಗೆದು ರಿಮೋಟಿಗೆ ಹಾಕಿದ. "ಟೈಮು ಟಿವೀಲೇ ಬತ್ತದಲ್ಲ, ಇದ್ಯಾಕೆ?" ಅಂದ. ಗಡಿಯಾರ ಮತ್ತೆ ಗೋಡೆಗೆ ಹೋಯಿತು. ಯಾವಾಗ ನೋಡಿದರೂ ಹತ್ತೂಮುಕ್ಕಾಲು.

ಅವನ ಮಾತು ಸುಳ್ಳಾಗಲಿಲ್ಲ. ಆರು ತಿಂಗಳಲ್ಲಿ ಇಡೀ ಊರಿನ ಹೊತ್ತು ಟಿವಿಗೆ ಹೋಯಿತು. "ಮಧ್ಯಾಹ್ನದ ಸೀರಿಯಲ್ ಮುಗಿದ್ಮೇಲೆ ಬಾ" ಅನ್ನುವುದು ಮಾಮೂಲಾಯಿತು. ಹನ್ನೆರಡೂವರೆಗೆ ಆ ಸೀರಿಯಲ್ಲಿನ ಹಾಡು ಶುರುವಾದಾಗ ಒಲೆಯ ಮೇಲೆ ಎಸರು, ಎರಡನೇ ಜಾಹೀರಾತಿಗೆ ಹಿಟ್ಟು, ಒಂದು ಗಂಟೆಗೆ ಮುಗಿಯುವ ಹೊತ್ತಿಗೆ ಮುದ್ದೆ. ನಮ್ಮ ಮನೆಯ ನಡುಮನೆಯಲ್ಲಿ ಏನಿಲ್ಲವೆಂದರೂ ಎಂಟು ಹತ್ತು ಹೆಂಗಸರು. ಪಕ್ಕದ ಮನೆಯ ಸಾವಿತ್ರಕ್ಕ ಎಲ್ಲರಿಗಿಂತ ಮೊದಲು ಬಂದು ಗೋಡೆಗೆ ಒರಗುತ್ತಿದ್ದಳು. ಅವ್ವ ಬಾಗಿಲ ಹತ್ತಿರ ಬುಟ್ಟಿ ಇಟ್ಟುಕೊಂಡು, ಕಣ್ಣು ಟಿವಿಗೆ, ಕೈ ಹೂವಿಗೆ ಕೊಟ್ಟು ಕೂರುತ್ತಿದ್ದಳು.

ಆ ಸೀರಿಯಲ್ಲಿನಲ್ಲಿ ಒಬ್ಬ ಹುಡುಗಿ. ಅವಳಿಗೆ ಇಷ್ಟವಿಲ್ಲದ ಮದುವೆ. ನನ್ನ ಕೊನೆಯ ವರ್ಷದ ಪರೀಕ್ಷೆ ಶುರುವಾದ ಏಪ್ರಿಲ್‌ನಲ್ಲಿ ಆ ಹುಡುಗಿ ಹಸೆಮಣೆಯ ಮೇಲೆ ಕೂತಳು. ವರ ತಾಳಿ ಎತ್ತಿದ. ಮೂರು ವಾರವಾದರೂ ಕಟ್ಟಲಿಲ್ಲ. ದಿನವೂ ಒಬ್ಬೊಬ್ಬರ ಮುಖ ತೋರಿಸಿ, ಮಿಂಚು ಹೊಡೆಸಿ, ನಾಳೆ ಎನ್ನುತ್ತಿದ್ದರು. ನಾನು ಅಷ್ಟರಲ್ಲಿ ಐದು ಪೇಪರು ಬರೆದು ಮುಗಿಸಿದ್ದೆ.

ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ನಮ್ಮೂರಿನಿಂದ ಒಂದೂಕಾಲಿಗೆ ಬಸ್ಸು. ಸೀರಿಯಲ್ ಮುಗಿದ ಕೂಡಲೇ ಎದ್ದು, ಎರಡು ತುತ್ತು ಉಂಡು ಹೊರಟರೆ ಬಸ್ಸು ಸಿಗುತ್ತಿತ್ತು. ಐದು ಪೇಪರೂ ಹಾಗೇ ಹೋಗಿ ಬರೆದೆ. ಪರೀಕ್ಷೆಗೆ ಮೊದಲು ಅರ್ಧ ಗಂಟೆ ಟಿವಿ ನೋಡಿದರೆ ತಲೆ ಹಗುರಾಗುತ್ತದೆ ಎನ್ನುವುದು ನಾನೇ ಮಾಡಿಕೊಂಡ ಶಾಸ್ತ್ರ. ಉಳಿದದ್ದು ಒಂದೇ, ಇತಿಹಾಸದ ಪೇಪರು. ಅದಾದರೆ ಜೂನ್‌ನಲ್ಲಿ ಬಿ.ಎಡ್.ಗೆ ಅರ್ಜಿ. ಆಗದಿದ್ದರೆ ಮದುವೆ. ಇದು ಮಾವನ ಕರಾರು. "ಒಂದೇ ಏಟಿಗೆ ಪಾಸಾದ್ರೆ ಓದ್ಲಿ. ಇಲ್ಲಾಂದ್ರೆ ಬೇಲೂರಲ್ಲಿ ಹುಡುಗ ಅವ್ನೆ" ಅಂದಿದ್ದ. ಅಪ್ಪ ಆಯಿತು ಅಂದಿದ್ದ.

ಆ ಶನಿವಾರ ಮಹಾಸಂಚಿಕೆ. ಅರ್ಧ ಗಂಟೆ ಅಲ್ಲ, ಒಂದು ಗಂಟೆ. ವಾರವಿಡೀ ಅದರ ಪ್ರಕಟಣೆಯನ್ನೇ ತೋರಿಸಿದ್ದರು. ಒಂದು ಗಂಟೆ ಎಂದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಸೀರಿಯಲ್ ಮುಗಿದ ಮೇಲೆ ಹೊರಡಬೇಕು ಎನ್ನುವುದೂ ಗೊತ್ತಿತ್ತು. ಈ ಎರಡು ಗೊತ್ತನ್ನೂ ಪಕ್ಕ ಪಕ್ಕ ಇಟ್ಟು ಕೂಡಿಸಿ ನೋಡಿದವರು ಒಬ್ಬರೂ ಇಲ್ಲ. ಇತಿಹಾಸದಲ್ಲಿ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದವಳು ನಾನು, ನನಗೂ ಹೊಳೆಯಲಿಲ್ಲ.

ನಡುಮನೆ ತುಂಬಿತ್ತು. ಸೆಖೆ. ಹಾಡು ಶುರುವಾದಾಗ ಅವ್ವ ಹೊಸ ನಾರು ಹಿಡಿದಳು.

"ಇವತ್ತಾದ್ರೂ ಕಟ್ತಾನೇನೆ ಹಾಳಾದೋನು?" ಸಾವಿತ್ರಕ್ಕ ಶುರು ಮಾಡಿದಳು. "ಮೂರು ವಾರದಿಂದ ಕೈ ಎತ್ಕಂಡೇ ಅವ್ನೆ. ರಟ್ಟೆ ನೋಯಲ್ವಾ ಅವ್ನಿಗೆ?"

"ನಿನ್ ಗಂಡ ಎಷ್ಟೊತ್ತು ಎತ್ಕಂಡಿದ್ದ ಸಾವಿತ್ರಕ್ಕ?"

"ಅವ್ನಾ? ಊಟ ತಣ್ಣಗಾಯ್ತದೆ ಅಂತ ಗಂಟಿಗೆ ಮುಂಚೇನೇ ಎದ್ದು ನಿಂತಿದ್ದ."

ಎಲ್ಲರೂ ನಕ್ಕರು. ನಾನು ಪುಸ್ತಕ ತೊಡೆಯ ಮೇಲೆ ತೆರೆದಿಟ್ಟುಕೊಂಡು ನಕ್ಕೆ. ಒಂದು ಜಾಹೀರಾತು ಹೋಯಿತು, ಇನ್ನೊಂದು ಹೋಯಿತು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ಮಂಜಿ, ಹೊತ್ತಾಯ್ತೇನೆ?" ಅವ್ವ ಕೇಳಿದಳು.

"ಎಲ್ಲಿ, ಈಗಿನ್ನೂ ಶುರುವಾಗೈತೆ. ಮುಗೀಲಿ, ಹೋಯ್ತೀನಿ" ಅಂದೆ.

ಮತ್ತೆ ಸ್ವಲ್ಪ ಹೊತ್ತಿಗೆ ಅವ್ವನ ದನಿ ಬಂತು. ಈ ಸಲ ಸಣ್ಣದಾಗಿ, ಪಕ್ಕದವರಿಗೆ ಕೇಳಿಸದ ಹಾಗೆ. "ನನ್ ಕೈ ಯಾಕೋ ಹೊತ್ತಾಯ್ತು ಅಂತೈತೆ ಕಣೆ."

ನಾನು ತಿರುಗಿ ಕೂಡ ನೋಡಲಿಲ್ಲ. "ನಿನ್ ಕೈಗೇನ್ ಗೊತ್ತು? ಸುಮ್ನಿರವ್ವ" ಅಂದೆ.

ಅವಳು ನನ್ನ ಮಾತನ್ನೇ ನಂಬಿದಳು. ಓದಿದ ಮಗಳು ಹೇಳಿದ ಮೇಲೆ ಇನ್ನೇನು?

ತಾಳಿ ಅವತ್ತೂ ಕಟ್ಟಲಿಲ್ಲ. ಯಾರೋ ಕೊನೆಗೆ ಬಾಗಿಲಲ್ಲಿ ನಿಂತು "ನಿಲ್ಲಿಸಿ" ಅಂದರು, ಹಾಡು ಬಂತು. ನಾನು ಎದ್ದು, ಎರಡು ತುತ್ತು ಉಂಡು, ಹಾಲ್ ಟಿಕೆಟ್ ನೋಡಿಕೊಂಡು ಬೀದಿಗಿಳಿದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಬಸ್ಸು ನಿಲ್ಲುವ ಕಡೆ ಒಂದು ಪ್ರಾಣಿ ಇಲ್ಲ. ಮೊದಲೇ ಬಂದುಬಿಟ್ಟೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ.

ಪೆಟ್ಟಿಗೆ ಅಂಗಡಿಯ ಮುದುಕ ಒಳಗಿಂದ ಕೂಗಿದ. "ಯಾವ ಬಸ್ಸಿಗವ್ವ? ಅದು ಹೋಗಿ ಕಾಲ್ ಗಂಟೆ ಮೇಲಾಯ್ತಲ್ಲ."

"ಸೀರಿಯಲ್ ಈಗ್ ಮುಗೀತಲ್ಲಣ್ಣ!" ಅಂದೆ.

ನನ್ನ ಬಾಯಿಂದ ಬಂದದ್ದು ಈ ಮಾತು. ಈಗಲೂ ಕೆಲವೊಮ್ಮೆ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಆ ಮಾತು ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಹಾರನಹಳ್ಳಿಯ ತನಕ ಎರಡು ಮೈಲಿ ಓಡಿದೆ, ನಡೆದೆ, ಓಡಿದೆ. ಅಲ್ಲಿ ಒಂದು ಟೆಂಪೋ ನಿಂತಿತ್ತು. ಜನ ಇಲ್ಲ. ಡ್ರೈವರು, "ಇನ್ನಿಬ್ರು ಬರ್ಲಿ ಕಣಮ್ಮ" ಅಂದವನು ನನ್ನ ಮುಖ ನೋಡಿ, ಕೈಯಲ್ಲಿದ್ದ ಹಾಲ್ ಟಿಕೆಟ್ ನೋಡಿ, ಖಾಲಿ ಗಾಡಿಯನ್ನೇ ಹೊರಡಿಸಿದ. ಅವನ ಹೆಸರು ಕೇಳಲಿಲ್ಲ. ಅರಸೀಕೆರೆ ಮುಟ್ಟುವ ಮೊದಲು ರೈಲ್ವೆ ಗೇಟು ಹಾಕಿತ್ತು. ಗೂಡ್ಸು. ಒಂದೊಂದೇ ಡಬ್ಬಿ ಉರುಳುತ್ತಿತ್ತು. ಟಿವಿ ಮುಂದೆ ಒಂದು ಗಂಟೆ ಅರ್ಧ ಗಂಟೆಯಂತೆ ಜಾರಿ ಹೋಗಿತ್ತು. ಇಲ್ಲಿ ಹತ್ತು ನಿಮಿಷ ಒಂದು ದಿನದಷ್ಟು ಉದ್ದವಾಗಿ ಎಳೆದುಕೊಂಡಿತು. ಕಳೆದುಕೊಂಡ ಹೊತ್ತನ್ನೆಲ್ಲ ಬಡ್ಡಿ ಸಮೇತ ಆ ಗೇಟಿನಲ್ಲಿ ನನಗೆ ತೋರಿಸಿದ ಹಾಗೆ.

ಕಾಲೇಜಿನ ಬಾಗಿಲಲ್ಲಿದ್ದ ಮೇಷ್ಟ್ರು ಒಳ್ಳೆಯವರೇ. ಬೈಯಲಿಲ್ಲ. ಕೈಯ ವಾಚನ್ನು ನನ್ನ ಕಡೆ ತಿರುಗಿಸಿದರು. "ಅರ್ಧ ಗಂಟೆ ತನಕ ಬಿಡ್ತೀವಿ ಕಣಮ್ಮ. ಈಗ ಎರಡೂ ನಲವತ್ತು. ನಾನು ಬಿಟ್ರೂ ಒಳಗೆ ಪೇಪರ್ ಕೊಡಲ್ಲ." ಆಮೇಲೆ ಕೇಳಿದರು, "ಯಾಕಮ್ಮ, ಮನೇಲಿ ಏನಾದ್ರೂ ತೊಂದರೆಯಾ?"

ಹೌದು ಸಾರ್, ಎಂದೆ. ಸುಳ್ಳು ಅಲ್ಲಿಂದಲೇ ಶುರುವಾಯಿತು.

ಮನೆಗೆ ಬರುವ ಹೊತ್ತಿಗೆ ಮಾವ ಬಂದು ಕೂತಿದ್ದ. ಊರಲ್ಲಿ ಅವತ್ತು ಅರ್ಧ ಮನೆಗಳಲ್ಲಿ ಹಿಟ್ಟು ಸೀದಿತ್ತಂತೆ. ಎರಡನೇ ಜಾಹೀರಾತು ಯಾವಾಗ ಬಂತು ಅಂತ ಯಾರಿಗೂ ತಿಳಿದಿರಲಿಲ್ಲ. ಅದನ್ನೇ ಹೇಳಿಕೊಂಡು ಬೀದಿಯಲ್ಲಿ ನಗುತ್ತಿದ್ದರು. ನನಗೆ ಸೀದದ್ದು ಒಂದು ವರ್ಷ.

"ನಾನು ಅವತ್ತೇ ಹೇಳ್ಲಿಲ್ವಾ ಅಕ್ಕ?" ಮಾವ ಅಂದ. ಗೆದ್ದವನ ಹಾಗೂ ಅಲ್ಲ, ಸುಮ್ಮನೆ ದಣಿದವನ ಹಾಗೆ. "ಏನ್ ಮಂಜಿ, ಐದು ಬರ್ದೋಳಿಗೆ ಆರನೇದು ಬರ್ಯಕ್ಕೆ ಏನಾಗಿತ್ತು ನಿಂಗೆ?"

ನಾನು ಅವ್ವನ ಕಡೆ ಬೆರಳು ಮಾಡಿದೆ. "ಅವ್ವನ್ನ ಕೇಳು. ಹೊತ್ತಾಯ್ತು ಅಂತ ಒಂದ್ ಮಾತು ಹೇಳ್ಲಿಲ್ಲ. ಟಿವಿ ನೋಡ್ಕಂಡು ಕೂತಿದ್ಲು. ಇವಳಿಂದ್ಲೇ ಆಗಿದ್ದು."

ಇಷ್ಟನ್ನೂ ಜೋರಾಗಿ ಹೇಳಿದೆ. ಸಾವಿತ್ರಕ್ಕ ಬಾಗಿಲಲ್ಲಿ ನಿಂತಿದ್ದಳು.

ಅವ್ವ ನನ್ನನ್ನು ಒಂದು ಸಲ ನೋಡಿದಳು. ಕೋಪ ಇರಲಿಲ್ಲ. ಆಮೇಲೆ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ, ಸೀರಿಯಲ್ ಹೊತ್ತಿನಲ್ಲಿ ಕಟ್ಟಿದ್ದ ಹೂವಿನ ಸುರುಳಿಯನ್ನು ಹೊರಗೆ ತೆಗೆದಳು. ತುದಿ ಹಿಡಿದು ಎರಡೂ ಕೈ ಚಾಚಿದಳು. ಒಂದು. ಮತ್ತೆ ಚಾಚಿದಳು. ಎರಡು. ನಾನು ಅಲ್ಲಿಗೆ ಮುಗಿಯಲಿ ಎಂದು ನೋಡುತ್ತಿದ್ದೆ. ಮೂರು. ನಾಲ್ಕನೆಯದಕ್ಕೆ ಕೈ ಪೂರ್ತಿ ಚಾಚಿದಾಗ ಹೂ ಮುಗಿಯಿತು.

"ಅರ್ಧ ಗಂಟೆಗೆ ಎರಡಾಗ್ಬೇಕು" ಅಂದಳು, ಯಾರಿಗೂ ಅಲ್ಲ ಎಂಬಂತೆ. "ನಾಲ್ಕಾಗೈತೆ. ಕೈಗೆ ಗೊತ್ತಾಗಿತ್ತು. ಕಣ್ಣು ನಂಬಕ್ಕೆ ಬಿಡ್ಲಿಲ್ಲ." ಆಮೇಲೆ ಮಾವನಿಗೆ, "ಹೂಂ ಕಣ್ಲಾ ನಂಜುಂಡ. ನಾನು ಹೇಳ್ಬೇಕಿತ್ತು. ನಂದೇ ತಪ್ಪು."

ಅವಳು ಹೇಳಿದ್ದಳು. ಎರಡು ಸಲ ಹೇಳಿದ್ದಳು. ಉಳಿದವರ ಕಿವಿಯೆಲ್ಲ ಟಿವಿಯಲ್ಲಿತ್ತು; ಅದು ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ.

ಮಾರನೆಯ ದಿನ ಭಾನುವಾರ, ಸೀರಿಯಲ್ ಇಲ್ಲ. ಸೋಮವಾರ ಹನ್ನೆರಡೂವರೆಗೆ ಹೆಂಗಸರು ಬಂದು ಕೂತರು. ಹಾಡು ಶುರುವಾಯಿತು. ಅವ್ವ ಬುಟ್ಟಿ ತಂದು ಮಾಮೂಲಿ ಜಾಗದಲ್ಲೇ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತಳು. ಬೆನ್ನು ಟಿವಿಗೆ.

"ಇದೇನ್ ಜಯಕ್ಕ, ಸೊಸೆ ಬಂದ ದಿನದ ಅತ್ತೆ ಥರ ಮುಖ ತಿರುಗ್ಸ್ಕಂಡೆ?" ಸಾವಿತ್ರಕ್ಕ ಕೇಳಿದಳು.

"ಕಣ್ಣುರಿ ಕಣೆ."

"ತಾಳಿ ಕಟ್ತಾವ್ನೆ ಕಣೇ, ತಿರುಗು!"

"ಹೇಳ್ಬೇಡ. ನಂಗೆ ಏನೂ ಹೇಳ್ಬೇಡ."

ಹೀಗೆ ಶುರುವಾದದ್ದು ಒಂದು ವರ್ಷ ನಡೆಯಿತು. ಟಿವಿ ಆರಿಸಲಿಲ್ಲ. ಬಂದವರ ಖುಷಿ ಯಾಕೆ ಕೆಡಿಸಬೇಕು ಎಂದಳು. ಬೇರೆ ಕೋಣೆಗೂ ಹೋಗಲಿಲ್ಲ, ಬೇರೆ ಕೋಣೆ ಇದ್ದದ್ದು ಅಡುಗೆಮನೆ ಒಂದೇ. ದಿನಾ ಅದೇ ಹೊತ್ತಿಗೆ ಬಂದು, ಅದೇ ಜಾಗದಲ್ಲಿ ಕೂತು, ಬೆನ್ನಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಎಲ್ಲರೂ ನಕ್ಕಾಗ ಅವಳ ಬೆರಳು ಒಂದು ಗಂಟು ತಡೆಯುತ್ತಿತ್ತು. ಯಾರೋ ಅತ್ತರೆ ಹೂ ಕೈಯಲ್ಲೇ ನಿಲ್ಲುತ್ತಿತ್ತು. ಮತ್ತೆ ಓಡುತ್ತಿತ್ತು.

ಆಮೇಲೆ ನನಗೆ ಅರ್ಥವಾದದ್ದು ಇದು. ಅವಳ ದಿನದಲ್ಲಿ ಮುಂಜಾವು ತೋಟದವರದು, ಸಂಜೆ ಬಸ್ಸಿನದು, ಉಳಿದದ್ದು ನಮ್ಮದು. ಅವಳದು ಅಂತ ಇದ್ದದ್ದು ಆ ಅರ್ಧ ಗಂಟೆ. ಅದರಲ್ಲೂ ಕೈಗೆ ಬಿಡುವಿರಲಿಲ್ಲ, ಕಣ್ಣಿಗೆ ಮಾತ್ರ ಇತ್ತು. ಟಿವಿ ಜನರ ಹೊತ್ತನ್ನು ತಿನ್ನುತ್ತದೆ ಎಂದು ಈಗ ನಾನು ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ನಾಲಿಗೆ ತಡವರಿಸುತ್ತದೆ. ಅವ್ವನಿಗೆ ಅದು ಅರ್ಧ ಗಂಟೆ ಹೊತ್ತನ್ನು ಕೊಟ್ಟಿತ್ತು. ಅದನ್ನು ಕಿತ್ತುಕೊಂಡದ್ದು ನಾನು.

ಜೂನ್‌ನಲ್ಲಿ ಬೇಲೂರಿನವರು ಹೆಣ್ಣು ನೋಡಲು ಬಂದರು. ಹುಡುಗನಿಗೆ ಕ್ಯಾಸೆಟ್ ಅಂಗಡಿ. ಮಾವ ಹನ್ನೆರಡಕ್ಕೆ ಬನ್ನಿ ಎಂದಿದ್ದ. ಅವರು ಬಂದು ಕೈಕಾಲು ತೊಳೆದು ಕೂರುವಷ್ಟರಲ್ಲಿ ಹಾಡು ಶುರುವಾಯಿತು. ಹುಡುಗನ ತಾಯಿ, "ಅಯ್ಯೋ, ನಿಮ್ಮಲ್ಲೂ ಇದೇ ನೋಡ್ತೀರಾ?" ಎಂದು ಟಿವಿಯ ಕಡೆ ಸರಿದು ಕೂತರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಒಂದ್ ನಿಮಿಷ ಕಣಮ್ಮ, ಅಡ್ವಟೈಸು ಬರ್ಲಿ" ಅಂದರು. ನನ್ನನ್ನು ಅವರು ನೋಡಿದ್ದು ಒಂದು ಸೋಪಿನ ಜಾಹೀರಾತಿನ ಮೇಲೆ, ಒಂದು ಹಪ್ಪಳದ ಜಾಹೀರಾತಿನ ಮೇಲೆ. ಹಪ್ಪಳ ಮುಗಿಯುವುದರೊಳಗೆ ಹುಡುಗಿ ಒಪ್ಪಿಗೆ ಎಂದಾಯಿತು.

"ಎಷ್ಟು ಓದವ್ಳೆ?" ಎಂದು ಅವರು ಕೇಳಿದ್ದು ಕೊನೆಗೆ.

ಮಾವ ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ಅವ್ವನ ದನಿ ಬಂತು. "ಇನ್ನೊಂದು ಪೇಪರ್ ಐತೆ ಕಣ್ರೀ. ಅದಾಗೋ ತನಕ ಮದ್ವೆ ಇಲ್ಲ."

"ಅಕ್ಕ!" ಮಾವ ಗದರಿದ. "ಮಾತಾಗಿತ್ತಲ್ಲ? ಒಂದೇ ಏಟಿಗೆ ಆಗ್ದಿದ್ರೆ..."

"ಅವಳು ಬರ್ದು ಫೇಲಾದ್ರೆ ಅಂತ ಮಾತು. ಅವಳು ಬರೀಲಿಲ್ಲ. ನಾನು ಬರ್ಯಕ್ಕೆ ಬಿಡ್ಲಿಲ್ಲ. ನನ್ ತಪ್ಪಿಗೆ ಅವಳ್ನ ಯಾಕ್ಲಾ ಬೇಲೂರಿಗೆ ಕಳುಸ್ತೀಯ?"

ಕಾಫಿ ಕುಡಿದು ಅವರು ಹೊರಟರು. ನಾನು ಹೊರಿಸಿದ ಸುಳ್ಳನ್ನೇ ಅವ್ವ ಗುರಾಣಿಯ ಹಾಗೆ ಹಿಡಿದು ನನ್ನನ್ನು ಉಳಿಸಿಕೊಂಡಳು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ನಿಜ ಹೇಳಲಿಲ್ಲ. ಹೇಳಿದ್ದರೆ ಆ ಮದುವೆ ಆಗಿಹೋಗುತ್ತಿತ್ತು. ಇದನ್ನೂ ಲೆಕ್ಕ ಹಾಕಿಯೇ ಸುಮ್ಮನಿದ್ದೆ.

ಬಿ.ಎಡ್. ಅರ್ಜಿಯ ದಿನ ದಾಟಿತು. ಜೊತೆಯಲ್ಲಿ ಓದಿದವರು ಹಾಸನಕ್ಕೆ, ಮೈಸೂರಿಗೆ ಹೋದರು. ನಾನು ಮನೆಯಲ್ಲಿ ಒಂದೇ ಪೇಪರು ಹಿಡಿದು ಕೂತೆ. ಅವ್ವ ಮತ್ತೆ ಹಳೆಯ ಲೆಕ್ಕಕ್ಕೆ ಬಂದಳು. "ಎಂಟು ಮಾರು ಓದು." "ಇನ್ನೂ ಮೂರು ಮಾರು ಐತೆ." ಒಂದೊಂದು ಮಾರು ಮುಗಿದಾಗಲೂ ಹೂ ಚಾಚಿ ನನಗೆ ತೋರಿಸುತ್ತಿದ್ದಳು. ಸೀರಿಯಲ್ ಹೊತ್ತಿನಲ್ಲೂ ನಾನು ಅಡುಗೆಮನೆಯಲ್ಲಿ ಓದಬೇಕು. ಬಾಗಿಲ ಸಂದಿಯಿಂದ ನೋಡಿದರೆ ಕಾಣುತ್ತಿದ್ದದ್ದು ಅವಳ ಬೆನ್ನಲ್ಲ, ಅವಳ ಮುಖ.

ಅಕ್ಟೋಬರಿನಲ್ಲಿ ಮರುಪರೀಕ್ಷೆ. ಅವತ್ತು ಅವ್ವ ನನ್ನ ಜೊತೆ ಬೆಳಗಿನ ಬಸ್ಸಿಗೇ ಹೊರಟಳು, ಬುಟ್ಟಿ ಸಮೇತ. ಬಸ್ಸಿಗೆ ಕಾಯುವಾಗ ಧೈರ್ಯ ಮಾಡಿದೆ.

"ಅವ್ವ, ಅವತ್ತು ನೀನು ಕೇಳಿದ್ದೆ. ಹೊತ್ತಾಯ್ತೇನೆ ಅಂತ. ನಾನೇ..."

"ಬಸ್ಸು ಬಂತು ನೋಡು" ಅಂದಳು. ಬಸ್ಸು ಇನ್ನೂ ತಿರುವಿನಲ್ಲಿ ಕೂಡ ಇರಲಿಲ್ಲ.

ಕಾಲೇಜಿನ ಎದುರು ಹೊಂಗೆ ಮರದ ಕೆಳಗೆ ಕೂತಳು. ನಾನು ಮೂರು ಗಂಟೆ ಬರೆದು ಹೊರಗೆ ಬಂದಾಗ ಕಟ್ಟಿದ ಹೂವನ್ನು ಅಳೆಯುತ್ತಿದ್ದಳು. "ಹನ್ನೆರಡು ಮಾರು ಆಯ್ತು ಕಣೆ ನಿನ್ ಪರೀಕ್ಷೆ. ಇದ್ರಾಗೆ ಒಂದು ಮದ್ವೆ ಮಂಟಪ ಕಟ್ಬೋದು" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು ಅದು.

ಫಲಿತಾಂಶಕ್ಕೆ ಕಾಯುವ ತಿಂಗಳುಗಳು ಉದ್ದವಾಗಿದ್ದವು. ದಿನವೊಂದು ತೆವಳುತ್ತಿತ್ತು. ಅದೇ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಡುಮನೆಯಲ್ಲಿ ಗಲಾಟೆ ಎದ್ದಿತು. ಟಿವಿಯಲ್ಲಿ 'ಇಪ್ಪತ್ತು ವರ್ಷಗಳ ನಂತರ' ಎಂದು ಬರೆದಿತ್ತು.

"ಅಯ್ಯೋ ನಿನ್ನೆ ಬಸ್ರಿ ಆಗಿದ್ಲಲ್ರೇ!" ಸಾವಿತ್ರಕ್ಕ ಎದೆ ಬಡಿದುಕೊಂಡಳು. "ಇವತ್ತು ತಲೇಲಿ ಬಿಳೀ ಕೂದ್ಲು! ಮಗ್ಳು ಇಷ್ಟುದ್ದ ಬೆಳೆದವ್ಳೆ!"

ಅವ್ವನ ಕೈ ನಿಂತಿತು. "ಏನಾಯ್ತೇ? ಯಾರ್ದು ಆ ದನಿ? ಹೊಸಬ್ರಾ?" ಎಂದವಳು, ತಕ್ಷಣ, "ಬೇಡ. ಹೇಳ್ಬೇಡ" ಅಂದಳು.

ಆ ಮಗಳು ಮರುವಾರವೇ ಒಂದು ಹಾಡಿನಲ್ಲಿ ಡಿಗ್ರಿ ಮುಗಿಸಿದಳು. ಹಾಡಿನ ಶುರುವಿನಲ್ಲಿ ಪುಸ್ತಕ ಎದೆಗವಚಿಕೊಂಡು ಬಸ್ಸು ಹತ್ತಿದಳು, ಕೊನೆಯಲ್ಲಿ ಕಪ್ಪು ಗೌನು ತೊಟ್ಟು ನಕ್ಕಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಹೊಟ್ಟೆ ಉರಿಯಿತು. ಒಂದು ಪೇಪರಿಗಾಗಿ ನಾನು ಸವೆಸಿದ ವರ್ಷವನ್ನು ಯಾರ ಎದುರು ತೋರಿಸಲಿ? ಅದಕ್ಕೆ ಹಾಡೂ ಇರಲಿಲ್ಲ, ಗೌನೂ ಇರಲಿಲ್ಲ.

ಹೊಸ ವರ್ಷ ಹುಟ್ಟಿದ ಮೇಲೆ ಫಲಿತಾಂಶ ಬಂತು. ಪಾಸಾದೆ. ಪದವಿಯ ಪ್ರಮಾಣಪತ್ರ ಕಾಲೇಜಿಗೆ ಬಂದದ್ದು ಮುಂದಿನ ಏಪ್ರಿಲ್ ಕೊನೆಗೆ. ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟರು. ಸುತ್ತಿದರೆ ಮಡಿಕೆ ಬೀಳುತ್ತದೆಂದು ದಾರಿಯುದ್ದ ಎದೆಗೊತ್ತಿ ಹಿಡಿದುಕೊಂಡು ಬಂದೆ. ಹನ್ನೆರಡೂವರೆ ದಾಟಿತ್ತು. ನಡುಮನೆ ತುಂಬ ಹೆಂಗಸರು. ಮಾವ ಟಿವಿಯ ಹಿಂದೆ ಬಗ್ಗಿ ವಯರು ಸರಿ ಮಾಡುತ್ತಿದ್ದ. ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಬಂತಾ?" ಮಾವ ತಲೆ ಎತ್ತಿದ. ನಾನು ತೋರಿಸಿದೆ. ಬಹಳ ಹೊತ್ತು ನೋಡಿದ. "ಆಯ್ತಲ್ಲಪ್ಪ ಹಂಗಾದ್ರೆ" ಅಂದ. ಅಷ್ಟೇ. ಮತ್ತೆ ವಯರಿಗೆ ಬಗ್ಗಿದ.

ಅವ್ವನ ಎದುರು ಕೂತು ಅವಳ ಮಡಿಲಿಗೆ ಇಟ್ಟೆ. ಅವಳು ಕೈ ಹಿಂದೆಳೆದುಕೊಂಡು ಸೆರಗಿನಲ್ಲಿ ಎರಡೆರಡು ಸಲ ಒರೆಸಿಕೊಂಡಳು. ಬೆರಳಿಗೆ ಅಂಟಿದ್ದ ನಾರಿನ ನೀರು ಹೋಗಲಿಲ್ಲ. ಅಂಗೈಯ ಅಂಚಿನಿಂದ ಹಾಳೆಯನ್ನು ಹಿಡಿದಳು.

"ಇದ್ರಾಗೆ ಇಸ್ವಿ ಎಲ್ಲಿ ಬರ್ದವ್ರೆ?"

ತೋರಿಸಿದೆ. ಅಂಕಿಗಳನ್ನು ಒಂದೊಂದಾಗಿ ನೋಡಿದಳು. ಕೊನೆಯ ಅಂಕಿಯ ಮೇಲೆ ಬೆರಳು ನಿಂತಿತು. ಅದು ಇರಬೇಕಾದದ್ದಕ್ಕಿಂತ ಒಂದು ಹೆಚ್ಚು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆರಳು ತೆಗೆದಾಗ ಅಲ್ಲೊಂದು ಸಣ್ಣ ಒದ್ದೆ ಗುರುತು ಉಳಿಯಿತು. ಈಗಲೂ ಇದೆ.

ನನ್ನ ಬೆನ್ನ ಹಿಂದೆ ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಅವ್ವ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು. ಹೂವಿನ ಬುಟ್ಟಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು. ಆಮೇಲೆ, ಬೇರೆ ಯಾರಿಗೂ ಕೇಳಿಸದ ಹಾಗೆ, ನನ್ನನ್ನು ಕೇಳಿದಳು:

"ನಿಂದು ಮುಗೀತಲ್ಲವ್ವ. ಇನ್ನ ನಾನು ಆ ಕಡೆ ತಿರುಗ್ಲಾ?"